ಹೇಳಲಾಗದ ನೋವು, ಕೇಳಿಸಿಕೊಳ್ಳದ ಕಿವಿ: ಕನ್ನಡ ಜನಪದ ಕಥನಗಳಲ್ಲಿ ಹಿಂಸೆ ಮತ್ತು ಹೆಣ್ಣಿನ ಮನಸ್ಸು

ಹೆಣ್ಣಿನ ಮೇಲೆ ನಡೆಯುವ ಹಿಂಸೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಕಾನೂನು, ವೈದ್ಯಕೀಯ ಹಾಗೂ ಸಮಾಜಶಾಸ್ತ್ರಗಳ ವ್ಯಾಪ್ತಿಯಲ್ಲಿ ನಡೆದುಕೊಂಡು ಬಂದಿದೆ. ಮೈಮೇಲಿನ ಗಾಯ ಕಣ್ಣಿಗೆ ಬೀಳುವಂಥದು. ಅದನ್ನು ದಾಖಲಿಸಬಹುದು, ಅಳೆಯಬಹುದು. ಮನಸ್ಸಿನ ಗಾಯಕ್ಕೆ ಸಾಕ್ಷಿ ದೊರೆಯುವುದು ಸುಲಭವಲ್ಲ. 1983ರಲ್ಲಿ ಭಾರತೀಯ ದಂಡಸಂಹಿತೆಗೆ ಸೇರಿದ 498-ಎ ಕಲಮು 'ಕ್ರೌರ್ಯ'ವನ್ನು ವಿವರಿಸುವಾಗ ದೇಹದ ಆರೋಗ್ಯದೊಂದಿಗೆ ಮಾನಸಿಕ ಆರೋಗ್ಯವನ್ನೂ ಹೆಸರಿಸಿತು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು ಮಾತಿನ ಹಾಗೂ ಭಾವನಾತ್ಮಕ ಪೀಡನೆಯನ್ನೂ ಹಿಂಸೆಯೆಂದೇ ಪರಿಗಣಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2013ರ ವರದಿಯ ಪ್ರಕಾರ, ಸಂಗಾತಿಯಿಂದ ಹಿಂಸೆಗೊಳಗಾದ ಹೆಂಗಸರಲ್ಲಿ ಖಿನ್ನತೆಯ ಸಾಧ್ಯತೆ ಉಳಿದವರಿಗಿಂತ ಸುಮಾರು ಇಮ್ಮಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದುದಾಗಿ ಹೇಳಿದ ವಿವಾಹಿತೆಯರ ಪ್ರಮಾಣ ದೇಶದಲ್ಲಿ ಶೇ. 29.3 ಇದ್ದರೆ ಕರ್ನಾಟಕದಲ್ಲಿ ಶೇ. 44.4 ಇತ್ತು. ಅದರ ಹಿಂದಿನ ಸುತ್ತಿನಲ್ಲಿ, 2015-16ರಲ್ಲಿ, ಕರ್ನಾಟಕದ ಪ್ರಮಾಣ ಶೇ. 20.6 ಆಗಿತ್ತು.

ಈ ಎರಡು ಅಂಕಿಗಳ ನಡುವಿನ ಅಂತರ ಹಿಂಸೆಯ ಹೆಚ್ಚಳವನ್ನು ತೋರಿಸುತ್ತದೆಯೋ ಅಥವಾ ಹೇಳಿಕೊಳ್ಳುವವರ ಹೆಚ್ಚಳವನ್ನೋ ಎಂಬುದನ್ನು ಅಂಕಿಗಳೇ ನಿರ್ಣಯಿಸಲಾರವು. ಏಕೆಂದರೆ ಈ ಬಗೆಯ ಸಮೀಕ್ಷೆ ಎಣಿಸುವುದು 'ಹೇಳಿಕೊಂಡ' ಹಿಂಸೆಯನ್ನು ಮಾತ್ರ. ಹೆಣ್ಣು ತನ್ನ ನೋವನ್ನು ಯಾರಿಗೆ ಹೇಳುತ್ತಾಳೆ, ಯಾರಿಗೆ ಹೇಳುವುದಿಲ್ಲ, ಹೇಳದೆ ಉಳಿದ ನೋವು ಏನಾಗುತ್ತದೆ ಎಂಬ ಪ್ರಶ್ನೆಗಳು ಇಲ್ಲಿ ಹುಟ್ಟುತ್ತವೆ. ಕನ್ನಡ ಜನಪದ ಕಥನಗಳು ಬಹುಕಾಲದಿಂದ ಎತ್ತಿಕೊಂಡು ಬಂದಿರುವ ಪ್ರಶ್ನೆಗಳೂ ಇವೇ ಆಗಿವೆ. ಆದರೆ ಆ ಕಥನಗಳನ್ನು ಸಂಗ್ರಹಿಸಿದ, ಸಂಪಾದಿಸಿದ, ವಿಮರ್ಶಿಸಿದ ವಿದ್ವತ್ತು ಅವುಗಳಲ್ಲಿ ತ್ಯಾಗವನ್ನು ಕಂಡಿದೆ, ಪಾತಿವ್ರತ್ಯವನ್ನು ಕಂಡಿದೆ, ಆಶಯ-ಮಾದರಿಗಳನ್ನು ಕಂಡಿದೆ. ಅವುಗಳೊಳಗಿನ ಗಾಯಗೊಂಡ ಮನಸ್ಸನ್ನು ಕಂಡುದು ಕಡಿಮೆ. ಈ ಕೊರತೆಯ ಹಿನ್ನೆಲೆಯಲ್ಲಿ ಕೆಲವು ಪ್ರಸಿದ್ಧ ಕಥನಗಳನ್ನು ಮರಳಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಂದು: ತವರಿನಲ್ಲಿ ಸುಳ್ಳು, ಗೆಳತಿಯಲ್ಲಿ ನಿಜ

'ಕೆರೆಗೆ ಹಾರ' ಕನ್ನಡದ ಕಥನಗೀತೆಗಳಲ್ಲಿ ಅತ್ಯಂತ ಹೆಚ್ಚು ಚರ್ಚಿತವಾದುದು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ; ಕೆರೆಯಲ್ಲಿ ನೀರು ನಿಲ್ಲುವುದಿಲ್ಲ; ಸೊಸೆಯನ್ನು ಹಾರ ಕೊಡಬೇಕೆಂದು ಜೋಯಿಸರು ಹೇಳುತ್ತಾರೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ನಡೆಸುವವರಿಲ್ಲವಾದ್ದರಿಂದ ಆಯ್ಕೆ ಕಿರಿಯ ಸೊಸೆ ಭಾಗೀರಥಿಯ ಮೇಲೆ ಬೀಳುತ್ತದೆ. ಈ ಹಾಡನ್ನು ಲೋಕಹಿತಕ್ಕಾಗಿ ನಡೆದ ಆತ್ಮಬಲಿದಾನವೆಂದು ಮೆಚ್ಚಿದ ಪರಂಪರೆ ಒಂದು ಕಡೆಗಿದ್ದರೆ, ಇದು ಬಲಿದಾನವಲ್ಲ, ಕೊಲೆ ಎಂದು ಪ್ರಶ್ನಿಸಿದ ಸ್ತ್ರೀವಾದಿ ಓದು ಇನ್ನೊಂದು ಕಡೆಗಿದೆ. ಎರಡನೆಯ ಓದು ಮೊದಲನೆಯದಕ್ಕೆ ಅಗತ್ಯವಾಗಿದ್ದ ತಿದ್ದುಪಡಿ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಎರಡೂ ಓದುಗಳ ಕಣ್ಣು ನೆಟ್ಟಿರುವುದು ಹಾಡಿನ ಕೊನೆಯ ಭಾಗದ ಮೇಲೆ, ಅಂದರೆ ಸಾವಿನ ಮೇಲೆ. ಹಾಡಿನ ನಡುಭಾಗ ಹೇಳುವುದು ಬೇರೊಂದು ಸಂಗತಿಯನ್ನು.

ತನ್ನನ್ನು ಕೊಡಲು ನಿಶ್ಚಯವಾಗಿದೆಯೆಂದು ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ. ಎಂದೂ ಹೀಗೆ ಬಾರದ ಮಗಳು ದುಃಖದಿಂದ ಬಂದುದನ್ನು ಕಂಡು ತವರಿನವರು ಕಾರಣ ಕೇಳುತ್ತಾರೆ. ಆಕೆ ನಿಜ ಹೇಳುವುದಿಲ್ಲ; ಅತ್ತೆಮಾವ ತನ್ನನ್ನು ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಆ ಮಾತಿಗೆ ತಕ್ಕ ಪರಿಹಾರವನ್ನು ತವರು ಸೂಚಿಸುತ್ತದೆ: ಬೇರೆ ಇಟ್ಟರೆ ಇಡಲಿ, ಹೊಲಮನೆ ಕೊಡುತ್ತೇವೆ, ಒಡವೆ ಕೊಡುತ್ತೇವೆ. ಪ್ರೀತಿಯಿಂದ ಬಂದ ಆ ಯಾವ ಕೊಡುಗೆಯೂ ಆಕೆಯ ನಿಜವಾದ ಭಯವನ್ನು ಮುಟ್ಟುವುದಿಲ್ಲ. ಅಲ್ಲಿಂದ ಆಕೆ ಗೆಳತಿಯ ಮನೆಗೆ ಹೋಗುತ್ತಾಳೆ. ಅಲ್ಲಿ ಮಾತ್ರ ನಿಜವನ್ನು ಹೇಳುತ್ತಾಳೆ. ಗೆಳತಿ ಕೊಡುವ ಉತ್ತರವೋ, ಕೊಟ್ಟರೆ ಕೊಡಲಿ ಎಂಬಂಥದು.

ಈ ಎರಡು ಭೇಟಿಗಳನ್ನು ಕಥೆಯನ್ನು ಬೆಳೆಸುವ ತಂತ್ರವೆಂದು ಮಾತ್ರ ಪರಿಗಣಿಸುವುದು ಸಾಲದು. ಹಿಂಸೆಗೆ ಒಳಗಾದವರ ಮನಸ್ಸು ಮಾತಾಡುವ ಬಗೆಯ ಸೂಕ್ಷ್ಮವಾದ ದಾಖಲೆ ಇಲ್ಲಿದೆ. ದೊಡ್ಡ ಭಯವನ್ನು ಹೇಳಲಾಗದಾಗ, ಕೇಳುವವರು ತಾಳಿಕೊಳ್ಳಬಲ್ಲಂಥ ಸಣ್ಣ ದೂರೊಂದರ ವೇಷ ತೊಡಿಸಿ ಅದನ್ನು ಮುಂದಿಡಲಾಗುತ್ತದೆ. ಆಸ್ಪತ್ರೆಯಲ್ಲಿ ತಲೆನೋವು, ನಿದ್ದೆಗೇಡು, ಹೊಟ್ಟೆಯುರಿ ಎಂದು ಹೇಳಿಕೊಳ್ಳುವ ಹೆಂಗಸಿನ ಮಾತಿನ ಹಿಂದೆ ಮನೆಯೊಳಗಿನ ಹಿಂಸೆ ಅಡಗಿರಬಹುದೆಂದು ಇಂದಿನ ವೈದ್ಯರಿಗೆ ಕಲಿಸಲಾಗುತ್ತದೆ. ತವರಿನಲ್ಲಿ ಭಾಗೀರಥಿ ಆಡಿದ ಮಾತೂ ಅದೇ ಜಾತಿಯದು. ಸುಳ್ಳಿನ ಮೂಲಕ ಆಕೆ ತವರನ್ನು ಪರೀಕ್ಷಿಸುತ್ತಿದ್ದಾಳೆ ಎಂದೂ ಓದಬಹುದು: 'ಇಲ್ಲೇ ಇರು' ಎಂಬ ಮಾತು ಬರುತ್ತದೆಯೇ ಎಂದು. ಬರುವುದು ಹೊಲ ಮತ್ತು ಒಡವೆ. ಆ ಮಾತು ಬರುವುದಿಲ್ಲ.

ಗೆಳತಿಯ ಪ್ರಸಂಗ ಇದಕ್ಕಿಂತ ಕಠಿಣವಾದುದು. ಇಲ್ಲಿ ನಿಜ ಹೊರಬಂದಿದೆ. ಕೇಳಿದವಳಿಗೆ ಅರ್ಥವೂ ಆಗಿದೆ. ಆದರೆ ಅದು ತಡೆಯಬೇಕಾದ ಸಂಗತಿಯಾಗಿ ಆಕೆಗೆ ತೋರುವುದಿಲ್ಲ. ನಿಜವನ್ನು ನುಡಿದಾಗ ಸಿಗುವ ಇಂಥ ಉತ್ತರ, ನುಡಿಯದೆ ಉಳಿಯುವುದಕ್ಕಿಂತ ಹೆಚ್ಚು ಒಂಟಿಯಾಗಿಸುತ್ತದೆ. ಈ ಭೇಟಿಯ ಅನಂತರ ಭಾಗೀರಥಿ ಯಾರಿಗೂ ಏನನ್ನೂ ಹೇಳುವುದಿಲ್ಲ. ಗಂಡನ ಮನೆಗೆ ಮರಳಿ, ಪೂಜೆಯ ಸಿದ್ಧತೆಯ ಕೆಲಸಗಳಲ್ಲಿ ತೊಡಗುತ್ತಾಳೆ. ಮರೆತು ಬಂದ ಬಂಗಾರದ ಬಟ್ಟಲನ್ನು ತರಲು ಕಳಿಸಿದಾಗ ಮರುಮಾತಿಲ್ಲದೆ ಹೋಗುತ್ತಾಳೆ. ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 'ತ್ಯಾಗ'ವೆಂದು ವಿಮರ್ಶೆ ಕರೆದ ಈ ಮೌನ, ತೆರೆದಿದ್ದ ಬಾಗಿಲುಗಳನ್ನೆಲ್ಲ ತಟ್ಟಿ ಸೋತ ಮನಸ್ಸಿನ ಮರಗಟ್ಟುವಿಕೆ. ಒಪ್ಪಿಗೆಗೂ ಈ ಸ್ಥಿತಿಗೂ ಇರುವ ಅಂತರವನ್ನು ಹಾಡು ಬಲ್ಲದು. ಆದ್ದರಿಂದಲೇ ಎರಡು ಭೇಟಿಗಳನ್ನು ಅಷ್ಟು ವಿವರವಾಗಿ ಹಾಡುತ್ತದೆ. ದಂಡಿನಿಂದ ಮರಳಿದ ಗಂಡ ಮಾದೇವರಾಯನಿಗೆ ಅದೇ ಗೆಳತಿ ನಿಜವನ್ನು ತಿಳಿಸುತ್ತಾಳೆ. ಸತ್ಯಕ್ಕೆ ಕಿವಿ ದೊರೆತಾಗ ಹೊತ್ತು ಮೀರಿರುತ್ತದೆ. ಅವನೂ ಅದೇ ಕೆರೆಗೆ ಹಾರುತ್ತಾನೆ.

ಎರಡು: ಹರೆಯದ ಹುಡುಗಿಯರು

ಭಾಗೀರಥಿಯ ವಯಸ್ಸನ್ನು ಹಾಡು ಹೇಳುವುದಿಲ್ಲ. ಆದರೆ ಕನ್ನಡದ ಅನೇಕ ಅಡುಗೂಲಜ್ಜಿಯ ಕಥೆಗಳ ನಾಯಕಿ ಆಗತಾನೇ ಮೈನೆರೆದ, ಇಲ್ಲವೇ ಆ ಹೊಸ್ತಿಲಿನಲ್ಲಿರುವ ಹುಡುಗಿ. ಬಾಲ್ಯ ಮುಗಿದು ಹೆಣ್ತನ ಇನ್ನೂ ನೆಲೆಗೊಳ್ಳದ ಈ ಕಾಲದಲ್ಲಿ ಬೀಳುವ ಪೆಟ್ಟು 'ತಾನು ಯಾರು' ಎಂಬ ಅರಿವಿಗೇ ತಗಲುತ್ತದೆ. ಎ. ಕೆ. ರಾಮಾನುಜನ್ ಅವರ ಸಂಗ್ರಹ ಮತ್ತು ವಿಶ್ಲೇಷಣೆಗಳಿಂದ ಜಗತ್ತಿಗೆ ಪರಿಚಿತವಾದ ಎರಡು ಕನ್ನಡ ಕಥೆಗಳನ್ನು ಈ ದೃಷ್ಟಿಯಿಂದ ಗಮನಿಸಬಹುದು.

'ಹಂಚಿ'ಯ ಕಥೆಯಲ್ಲಿ ಹುಡುಗಿಗೆ ಅಪಾಯ ಬರುವುದು ಸ್ವಂತ ಅಣ್ಣನಿಂದ. ತಂಗಿಯ ಚೆಲುವಿಗೆ ಮರುಳಾದ ಮಗನ ಬಯಕೆಯನ್ನು ತಿಳಿದ ತಾಯಿ, ಮಗಳ ಮುಖಕ್ಕೆ ಮಣ್ಣಿನ ಹಂಚಿನ ಮುಖವಾಡ ತೊಡಿಸಿ ಮನೆಯಿಂದ ಹೊರಗೆ ಕಳಿಸುತ್ತಾಳೆ. ಹುಡುಗಿ ಬೇರೊಂದು ಮನೆಯಲ್ಲಿ ಕೆಲಸದವಳಾಗಿ ಸೇರುತ್ತಾಳೆ. ಮುಖದ ಮೇಲಿನ ಹಂಚೇ ಅವಳ ಹೆಸರಾಗುತ್ತದೆ. ಈ ಕಥೆಯನ್ನು ಸಿಂಡರೆಲ್ಲಾ ಮಾದರಿಯ ಪಾಠಾಂತರವೆಂದು ವರ್ಗೀಕರಿಸುವುದು ಶಾಸ್ತ್ರದೃಷ್ಟಿಯಿಂದ ಸರಿ. ಆದರೆ ವರ್ಗೀಕರಣ ಮುಗಿದ ಮೇಲೂ ಆ ಹಂಚು ಉಳಿಯುತ್ತದೆ. ತಪ್ಪು ಮಾಡಲು ಹೊರಟವನು ಅಣ್ಣ. ಮನೆ ಬಿಡಬೇಕಾದವಳು, ಮುಖ ಮುಚ್ಚಿಕೊಳ್ಳಬೇಕಾದವಳು, ಹೆಸರು ಕಳೆದುಕೊಂಡವಳು ತಂಗಿ. ಮುಖವಾಡ ಅವಳನ್ನು ಕಾಯುತ್ತದೆ, ಅಳಿಸಿಯೂ ಹಾಕುತ್ತದೆ. ಮನೆಯೊಳಗಿನ ಲೈಂಗಿಕ ಹಿಂಸೆಯಿಂದ ಪಾರಾದ ಮಕ್ಕಳು ಬದುಕಿ ಉಳಿಯಲು ತಮ್ಮನ್ನೇ ಮರೆಮಾಡಿಕೊಳ್ಳುವ ರೀತಿಯನ್ನು ಮನಶ್ಶಾಸ್ತ್ರ ಇಂದು ವಿವರಿಸುತ್ತದೆ. ಆ ರಕ್ಷಣೆಗೆ ತೆರಬೇಕಾದ ಬೆಲೆಯನ್ನು ಕಥೆ ಒಂದು ಮಣ್ಣಿನ ಹಂಚಿನಲ್ಲಿ ಹೇಳಿ ಮುಗಿಸಿದೆ.

ಹೂವಿನ ಮರವಾಗುವ ಹುಡುಗಿಯ ಕಥೆ ಇನ್ನೊಂದು ಸಂಗತಿಯನ್ನು ಮುಂದಿಡುತ್ತದೆ. ಬಡ ತಾಯಿಯ ಕಿರಿಯ ಮಗಳು, ಮೈಮೇಲೆ ಕ್ರಮವಾಗಿ ನೀರು ಸುರಿದರೆ ಮರವಾಗಿ ಹೂಬಿಡಬಲ್ಲಳು. ಮತ್ತೆ ನೀರು ಸುರಿದರೆ ಹುಡುಗಿಯಾಗಬಲ್ಲಳು. ಟೊಂಗೆ ಮುರಿಯದಂತೆ, ಎಲೆ ಹರಿಯದಂತೆ ಹೂ ಬಿಡಿಸಬೇಕೆಂಬುದೊಂದೇ ಕಟ್ಟಳೆ. ಅಕ್ಕ ಅದನ್ನು ಪಾಲಿಸುತ್ತಾಳೆ. ರಾಜಕುಮಾರನನ್ನು ಮದುವೆಯಾದ ಮೇಲೆ ನಾದಿನಿ ತನ್ನ ಗೆಳತಿಯರ ಗುಂಪಿನೊಂದಿಗೆ ಅವಳನ್ನು ತೋಟಕ್ಕೆ ಕರೆದೊಯ್ದು, ಒತ್ತಾಯದಿಂದ ಮರವಾಗಿಸಿ, ಟೊಂಗೆಗಳನ್ನು ಮುರಿದು ಹಾಕುತ್ತಾಳೆ. ನೀರನ್ನೂ ಸರಿಯಾಗಿ ಸುರಿಯದ ಕಾರಣ ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಉಳಿಯುತ್ತಾಳೆ. ಕಂಡವರು ಅವಳನ್ನು ಮನುಷ್ಯಳೆಂದು ಕರೆಯಲೂ ಹಿಂಜರಿಯುವ ಸ್ಥಿತಿ ಅದು. ಹಿಂಸೆ ಮಾಡಿದವರು ಅವಳದೇ ವಯಸ್ಸಿನವರು. ಅವರಿಗೆ ಅದು ಆಟ. ಹರೆಯದವರ ಗುಂಪು ತಮ್ಮಲ್ಲೊಬ್ಬಳನ್ನು ಗುರಿ ಮಾಡಿಕೊಳ್ಳುವಾಗ ಕ್ರೌರ್ಯ ವಿನೋದದ ರೂಪದಲ್ಲಿ ಬರುತ್ತದೆ ಎಂಬುದನ್ನು ಶಾಲೆ, ವಸತಿನಿಲಯಗಳ ಬದುಕು ಇಂದಿಗೂ ಸಾಬೀತುಪಡಿಸುತ್ತಿದೆ. ಹುಡುಗಿ ತನ್ನ ಅತ್ಯಂತ ಖಾಸಗಿಯಾದ ಸಾಮರ್ಥ್ಯವನ್ನು ತನ್ನ ಇಚ್ಛೆಗೆ ವಿರುದ್ಧವಾಗಿ ಬಯಲುಮಾಡಬೇಕಾದ ಪ್ರಸಂಗ ಕಥೆಯಲ್ಲಿ ನಾದಿನಿಯಿಂದ ಮೊದಲಾಗುವುದಿಲ್ಲ ಎಂಬುದೂ ಗಮನಾರ್ಹ. ಪ್ರೀತಿಸುವ ಗಂಡನೇ ಮೊದಲು ಅವಳನ್ನು ಒತ್ತಾಯಿಸಿರುತ್ತಾನೆ.

ಅವಳು ಮರಳಿ ಇಡಿಯಾಗುವ ಬಗೆ ಈ ಕಥೆಯ ಮುಖ್ಯ ಭಾಗ. ಕೊನೆಯಲ್ಲಿ ಗಂಡ ಅವಳನ್ನು ಗುರುತಿಸುತ್ತಾನೆ. ನಡೆದುದನ್ನು ಅವಳಿಂದ ಕೇಳುತ್ತಾನೆ. ಅವಳು ಹೇಳಿದ ಕ್ರಮದಂತೆ ನೀರು ಸುರಿದು, ಮುರಿದ ಟೊಂಗೆಗಳನ್ನು ಒಂದೊಂದಾಗಿ ಜೋಡಿಸುತ್ತಾನೆ. ಜೂಡಿತ್ ಹರ್ಮನ್ ಎಂಬ ಅಮೆರಿಕದ ಮನೋವೈದ್ಯೆ 1992ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಆಘಾತದಿಂದ ಚೇತರಿಸಿಕೊಳ್ಳಲು ಮೂರು ಹಂತಗಳನ್ನು ಗುರುತಿಸಿದ್ದಾರೆ: ಸುರಕ್ಷತೆ ದೊರೆಯುವುದು, ನಡೆದುದನ್ನು ನೆನೆದು ದುಃಖಿಸುವುದು, ಬದುಕಿನೊಂದಿಗೆ ಮತ್ತೆ ಬೆಸೆದುಕೊಳ್ಳುವುದು. ಅಜ್ಜಿಯ ಕಥೆ ಇದನ್ನು ಮುಂಚಿತವಾಗಿಯೇ ಹೇಳಿಬಿಟ್ಟಿತ್ತು ಎಂಬ ಹೆಮ್ಮೆಯ ಮಾತು ಇಲ್ಲಿ ಅನಗತ್ಯ. ಆದರೆ ಹುಡುಗಿ ವಾಸಿಯಾಗಲು ಮತ್ತೊಮ್ಮೆ ಮರವಾಗಲೇಬೇಕು, ಅಂದರೆ ಗಾಯವಾದ ಸ್ಥಿತಿಗೆ ಈ ಬಾರಿ ಕ್ಷೇಮವಾದ ಕೈಗಳ ನಡುವೆ ಮರಳಬೇಕು ಎಂಬ ತಿಳಿವಳಿಕೆ ಕಥೆಯಲ್ಲಿದೆ ಎಂಬುದು ನಿರ್ವಿವಾದ.

ಮೂರು: ಹೇಳದ ಕಥೆ ಮತ್ತು ಮೈ

ನೋವು ಹೇಳಲಾಗದೆ ಉಳಿದರೆ ಅದು ಇಲ್ಲವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂಬ ನಂಬಿಕೆ ಜನಪದದಲ್ಲಿ ಆಳವಾಗಿದೆ. ಕಥೆಯನ್ನೂ ಹಾಡನ್ನೂ ಬಲ್ಲ ಹೆಂಗಸೊಬ್ಬಳು ಅವನ್ನು ಯಾರಿಗೂ ಹೇಳದೆ ಇಟ್ಟುಕೊಂಡಾಗ, ಅವು ಅವಳೊಳಗಿಂದ ಹೊರಬಿದ್ದು ಗಂಡಸಿನ ಜೋಡು ಮತ್ತು ಅಂಗಿಗಳಾಗಿ, ಗಂಡನ ಸಂಶಯಕ್ಕೆ ಕಾರಣವಾಗುವ ಕನ್ನಡ ಕಥೆ ಪ್ರಸಿದ್ಧವಾಗಿದೆ. ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕದ ಚೌಕಟ್ಟಿಗೆ ಆಧಾರವಾದುದೂ ಇದೇ ಕಥೆ. ನೆರೆಯ ತಮಿಳಿನ ಕಥೆಯೊಂದರಲ್ಲಿ, ಗಂಡುಮಕ್ಕಳೂ ಸೊಸೆಯರೂ ಕೊಡುವ ಕಾಟವನ್ನು ಯಾರಿಗೂ ಹೇಳಲಾಗದ ವಿಧವೆ ದಿನದಿನಕ್ಕೆ ದಪ್ಪವಾಗುತ್ತಾಳೆ. ಪಾಳುಮನೆಯೊಂದರ ಗೋಡೆಗಳಿಗೆ ತನ್ನ ದುಃಖವನ್ನು ಹೇಳಿಕೊಂಡಾಗ ಒಂದೊಂದು ಗೋಡೆಯೂ ಕುಸಿಯುತ್ತದೆ. ಅವಳ ಮೈ ಹಗುರವಾಗುತ್ತದೆ. ಮನುಷ್ಯರ ಕಿವಿ ಸಿಗದೆ ಗೋಡೆಗೆ ಹೇಳಿಕೊಳ್ಳಬೇಕಾಯಿತೆಂಬುದರಲ್ಲಿ ಕಥೆಯ ವ್ಯಂಗ್ಯವೂ ಇದೆ, ವಿಷಾದವೂ ಇದೆ.

ಉತ್ತರ ಕರ್ನಾಟಕದ ಬೀಸುಕಲ್ಲಿನ ಪದಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮನೆ ಇನ್ನೂ ಮಲಗಿರುವ ನಸುಕಿನಲ್ಲಿ, ಕಲ್ಲಿನ ಸದ್ದಿನ ಮರೆಯಲ್ಲಿ ಹೆಂಗಸು ತನ್ನ ಅಳಲನ್ನು ತ್ರಿಪದಿಯಾಗಿಸಬಹುದಾಗಿತ್ತು. ಕೇಳಿಸಿಕೊಂಡವರು ಕೇಳಿದರೆ, ಅದು ಹಾಡು ಮಾತ್ರ ಎನ್ನಬಹುದಾಗಿತ್ತು. ಹಲಸಂಗಿ ಗೆಳೆಯರು 1931ರಲ್ಲಿ ಇಂಥ ಹಾಡುಗಳ ಸಂಕಲನವನ್ನು ಹೊರತಂದಾಗ ಅದಕ್ಕಿಟ್ಟ ಹೆಸರು 'ಗರತಿಯ ಹಾಡು'. ಆ ಕೆಲಸದ ಮಹತ್ವವನ್ನು ಕಡೆಗಣಿಸಲು ಸಾಧ್ಯವಿಲ್ಲ. ಆದರೆ 'ಗರತಿ' ಎಂಬ ಶಬ್ದ ಹಾಡಿನೊಂದಿಗೆ ಒಂದು ಓದನ್ನೂ ಕೊಟ್ಟಿತು. ಗರತಿ ತವರನ್ನು ನೆನೆದು ಕಣ್ಣೀರಿಡಬಹುದು. ಅದು ತವರಿನ ಮೋಹ. ಆ ಕಣ್ಣೀರಿಗೆ ಗಂಡನ ಮನೆಯ ಹೊಡೆತ ಕಾರಣವಾಗಿದ್ದರೆ ಆ ಹೆಸರಿನಡಿಯಲ್ಲಿ ಅದಕ್ಕೆ ಎಡೆ ಕಿರಿದು. ಮುಂದಿನ ಪಠ್ಯಪುಸ್ತಕಗಳೂ ಸಂಕಲನಗಳೂ ಈ ಓದನ್ನೇ ಬಹುಕಾಲ ಮುಂದುವರಿಸಿದವು. ಬೀಸುಕಲ್ಲಿನ ಜಾಗವನ್ನು ಹಿಟ್ಟಿನ ಗಿರಣಿ ಆಕ್ರಮಿಸಿದಾಗ ಹೆಂಗಸಿನ ದುಡಿಮೆ ಹಗುರಾಯಿತು. ಅದರೊಂದಿಗೆ, ಅಳುವುದಕ್ಕೆ ಅವಳಿಗಿದ್ದ ಒಂದು ಮರೆಯೂ ಹೋಯಿತು.

ನಾಲ್ಕು: ಸಿರಿಯ ಜಾತ್ರೆ

ಹಿಂಸೆಯ ನೆನಪಿಗೆ ಬಹಿರಂಗವಾದ ವೇದಿಕೆ ಒದಗಿಸಿದ ಆಚರಣೆಗೆ ತುಳುನಾಡಿನ ಸಿರಿ ಜಾತ್ರೆ ಮುಖ್ಯ ನಿದರ್ಶನ. ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಹಾಗೂ ಅವರ ಸಂಗಡಿಗರು ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದರ ವ್ಯಾಪ್ತಿ 15,683 ಸಾಲುಗಳು. ಗಂಡ ಕಾಂತಪೂಂಜನಿಂದ ಅವಮಾನಿತಳಾದ ಸಿರಿ ಕೂಸನ್ನು ಎತ್ತಿಕೊಂಡು ಅವನ ಮನೆಯನ್ನು ತೊರೆಯುತ್ತಾಳೆ. ಮೂರನೆಯ ತಲೆಮಾರಿನ ಅಬ್ಬಗ-ದಾರಗ ಎಂಬ ಅವಳಿ ಹುಡುಗಿಯರು ಚೆನ್ನೆಮಣೆಯ ಆಟದಲ್ಲಿ ಜಗಳವಾಡಿ ಸಾಯುತ್ತಾರೆ. ಅಜ್ಜಿಯ ಗಾಯ ಮೊಮ್ಮಕ್ಕಳ ಹರೆಯದಲ್ಲಿ ತಲೆಯೆತ್ತುವ ಈ ಕಥನಕ್ರಮ, ಹಿಂಸೆಯ ಪರಿಣಾಮ ಒಂದು ತಲೆಮಾರಿಗೆ ಮುಗಿಯುವುದಿಲ್ಲ ಎಂಬುದನ್ನು ಸೂಚಿಸುವಂತಿದೆ.

ಜಾತ್ರೆಯ ರಾತ್ರಿ ನೂರಾರು ಹೆಂಗಸರ ಮೇಲೆ ಸಿರಿಗಳು ಆವೇಶವಾಗುತ್ತವೆ. ಕುಮಾರನ ಪಾತ್ರಿ ಪ್ರತಿಯೊಬ್ಬಳನ್ನೂ ಮಾತಿಗೆಳೆಯುತ್ತಾನೆ: ನೀನು ಯಾರು, ಏಕೆ ಬಂದೆ, ಏನು ನೋವು? ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಇಲ್ಲಿ ಎಲ್ಲರೆದುರು ಕೇಳಲಾಗುತ್ತದೆ. ಮನೆಮಂದಿ ಉತ್ತರವನ್ನು ಕೇಳಿಸಿಕೊಳ್ಳಬೇಕಾಗುತ್ತದೆ. ಪೀಟರ್ ಕ್ಲಾಸ್ ಮೊದಲಾದವರು ಈ ಆವೇಶಕ್ಕೂ ಕುಟುಂಬದೊಳಗಿನ ಹೆಣ್ಣಿನ ಸಂಕಟಕ್ಕೂ ಇರುವ ಸಂಬಂಧವನ್ನು ಚರ್ಚಿಸಿದ್ದಾರೆ. ಕರಾವಳಿಯ ಕೋಟ ಗ್ರಾಮದ ಮಾನಸಿಕ ಆರೋಗ್ಯವನ್ನು ಅಧ್ಯಯನ ಮಾಡಿದ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರ 1976ರ ಕೃತಿಯೂ ಮೈದುಂಬುವಿಕೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ ಗಂಭೀರವಾಗಿ ಪರಿಗಣಿಸಿತು.

ಆದರೂ ಆಚರಣೆಯನ್ನು ಚಿಕಿತ್ಸೆಯೆಂದು ಕೊಂಡಾಡುವಲ್ಲಿ ಎಚ್ಚರ ಬೇಕು. ಮಾತಾಡುವುದು ಸಿರಿ, ಹೆಂಗಸು ತನ್ನ ಸ್ವಂತ ಹೆಸರಿನಲ್ಲಿ ಮಾತಾಡುವುದಿಲ್ಲ. ಪ್ರಶ್ನಿಸುವ ಅಧಿಕಾರ ಗಂಡಸಿನದು. ಬೆಳಗಾದ ಮೇಲೆ ಆಕೆ ಮರಳುವುದು ಅದೇ ಮನೆಗೆ. ನೋವಿಗೆ ಕಿವಿ ದೊರೆಯಿತೆಂದ ಮಾತ್ರಕ್ಕೆ ನೋವಿನ ಕಾರಣ ಇಲ್ಲವಾಗುವುದಿಲ್ಲ. ಜಾನಪದವನ್ನು ಪ್ರತಿರೋಧದ ದನಿಯೆಂದು ಮೆಚ್ಚುವ ಇತ್ತೀಚಿನ ವಿಮರ್ಶೆ, ತ್ಯಾಗವೆಂದು ಮೆಚ್ಚಿದ ಹಳೆಯ ವಿಮರ್ಶೆಯಂತೆಯೇ, ಈ ಬೆಳಗನ್ನು ಮರೆಯುವ ಅಪಾಯವಿದೆ.

ಐದು: ಕ್ಷೇತ್ರಕಾರ್ಯದ ಹೊಣೆ

ಜನಪದ ಕಥನಗಳು ಹಿಂಸೆಯ ಬಗ್ಗೆ ಮತ್ತೆ ಮತ್ತೆ ಹೇಳುವ ಮಾತು ಒಂದೇ: ಗಾಯವನ್ನು ಆಳವಾಗಿಸುವುದು ಪೆಟ್ಟಿನಷ್ಟೇ ಅದನ್ನು ಕೇಳಿಸಿಕೊಳ್ಳದ ಕಿವಿ. ಈ ಮಾತು ಭಾಗೀರಥಿಯ ತವರಿಗೂ ಗೆಳತಿಗೂ ಸಲ್ಲುವಂತೆ ಜಾನಪದ ಅಧ್ಯಯನಕ್ಕೂ ಸಲ್ಲುತ್ತದೆ. ಹಾಡುತ್ತ ಹಾಡುತ್ತ ವಕ್ತೃವಿನ ಗಂಟಲು ಕಟ್ಟುವುದು ಕ್ಷೇತ್ರಕಾರ್ಯ ಮಾಡಿದವರಿಗೆ ಅಪರಿಚಿತವಲ್ಲ. ಆಗ ಧ್ವನಿಮುದ್ರಣ ಯಂತ್ರವನ್ನು ನಿಲ್ಲಿಸುವುದು, ಆಕೆ ಸುಧಾರಿಸಿಕೊಂಡ ಮೇಲೆ ಮುಂದಿನ ನುಡಿಯಿಂದ ಆರಂಭಿಸುವುದು ರೂಢಿ. ಅಳುವಿಗೆ ಕಾರಣವಾದ ಮಾತು ಪಠ್ಯದ ಭಾಗವಾಗುವುದಿಲ್ಲ. ವಕ್ತೃವಿನ ಹೆಸರು, ವಯಸ್ಸು, ಜಾತಿ, ಊರು ಇವು ಮಾತ್ರ ಅನುಬಂಧದಲ್ಲಿ ಸೇರುತ್ತವೆ. ಹಾಡು ಸಂಗ್ರಹವಾಗುತ್ತದೆ, ಹಾಡಿದವಳು ಹಿಂದುಳಿಯುತ್ತಾಳೆ.

ಇದರರ್ಥ ಸಂಶೋಧಕರು ಮನೋವೈದ್ಯರಾಗಬೇಕೆಂದಲ್ಲ. ಹಾಗೆ ನಟಿಸುವುದು ಅಪಾಯಕಾರಿ. ಆಕೆಯ ಖಾಸಗಿ ನೋವನ್ನು ಹೆಸರು ಸಹಿತ ಅಚ್ಚು ಮಾಡುವುದು ಇನ್ನೊಂದು ಹಿಂಸೆಯಾದೀತು. ಆದರೆ ಅತ್ತೆಮನೆಯವರ ಎದುರಿನಲ್ಲಿ ಹಾಡಿಸುವುದಕ್ಕೂ ಏಕಾಂತದಲ್ಲಿ ಹಾಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ಅರಿಯುವುದು, ನಿಲ್ಲಿಸುವ ಹಕ್ಕು ಆಕೆಯದೆಂದು ಮೊದಲೇ ತಿಳಿಸುವುದು, ಹೇಳಿಕೊಂಡಾಗ ಅವಸರಪಡದೆ ಕೇಳುವುದು, ನೆರವು ದೊರೆಯುವ ಜಾಗವನ್ನು ತಿಳಿದಿರುವುದು ಅಧ್ಯಯನಶಿಸ್ತಿನ ಭಾಗವಾಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ದೂರವಾಣಿ ಸೇವೆಯಂಥ ಏರ್ಪಾಟುಗಳ ಪರಿಚಯ ಕ್ಷೇತ್ರಕಾರ್ಯದ ಕೈಪಿಡಿಯಲ್ಲಿ ಬರುವುದು ಜಾನಪದಕ್ಕೆ ಹೊರಗಿನ ಸಂಗತಿಯಲ್ಲ. ಕಾಲೇಜಿನ ತರಗತಿಯಲ್ಲಿ 'ಕೆರೆಗೆ ಹಾರ'ವನ್ನು ಓದುವ ಹುಡುಗಿಯರಲ್ಲಿ ಕೆಲವರಿಗಾದರೂ ಮದುವೆಯ ಮಾತುಕತೆ ನಡೆದಿರುತ್ತದೆ. 2019-21ರ ಸಮೀಕ್ಷೆಯಂತೆ, ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅಂಥ ತರಗತಿಯಲ್ಲಿ ಭಾಗೀರಥಿಯ ಮೌನವನ್ನು ಆದರ್ಶವೆಂದು ಬೋಧಿಸುವುದು ನಿರಪಾಯಕರವಾದ ಸಾಹಿತ್ಯಕ ಅಭಿಪ್ರಾಯವಾಗಿ ಉಳಿಯುವುದಿಲ್ಲ.

ಹಾಡು ಭಾಗೀರಥಿಯನ್ನು ಎರಡು ಮನೆಗಳಿಗೆ ಕಳಿಸುತ್ತದೆ. ಒಂದರಲ್ಲಿ ಪ್ರೀತಿಯಿದೆ, ಪ್ರಶ್ನೆಯೂ ಇದೆ. ಆದರೆ ಉತ್ತರದ ಹಿಂದಿನ ನಿಜವನ್ನು ಹುಡುಕುವ ತಾಳ್ಮೆಯಿಲ್ಲ. ಇನ್ನೊಂದರಲ್ಲಿ ನಿಜ ತಿಳಿದಿದೆ, ತಡೆಯುವ ಮನಸ್ಸಿಲ್ಲ. ತಲೆಮಾರುಗಳಿಂದ ಈ ಹಾಡನ್ನು ಹಾಡಿದ ಹೆಂಗಸರು ಆ ಎರಡು ಭೇಟಿಗಳನ್ನು ಕೈಬಿಡದೆ ಉಳಿಸಿಕೊಂಡು ಬಂದಿದ್ದಾರೆ. ಕೆರೆಯಲ್ಲಿ ನೀರು ಬಂದುದನ್ನಷ್ಟೇ ಹಾಡಬೇಕಾಗಿದ್ದರೆ ಅವುಗಳ ಅಗತ್ಯವಿರಲಿಲ್ಲ. ಇನ್ನು ಮುಂದಿನ ಅಧ್ಯಯನ ಆರಂಭವಾಗಬೇಕಾದುದು ಆ ಎರಡು ಮನೆಗಳ ಹೊಸ್ತಿಲಿನಿಂದ.